ಬಿಳಿ ಸೀರೆಯ ಹೆಂಗಸು ಯಾರು? ಹಳೆ ಸ್ಟುಡಿಯೋ ಫೋಟೋ ಬಗ್ಗೆ ಸಹಾಯ ಬೇಕು

ಟ್ರಂಕುಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಹಳೆ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಏಳು ಫೋಟೋ ಸಿಕ್ಕಿವೆ. ಎಲ್ಲವೂ ದಪ್ಪ ರಟ್ಟಿನ ಮೇಲೆ ಅಂಟಿಸಿದವು. ನಾಲ್ಕು ಚಿಕ್ಕವು, ಇಸ್ಪೀಟ್ ಎಲೆಗಿಂತ ಒಂಚೂರು ಉದ್ದ. ಮೂರು ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ದೊಡ್ಡವು. ನನ್ನ ಮುತ್ತಾತನ ಅಪ್ಪ ಸಂಸ್ಥಾನದಲ್ಲಿ ಅಮಲ್ದಾರರು, ಅಂದರೆ ತಾಲ್ಲೂಕಿನ ಅಧಿಕಾರಿ ಆಗಿದ್ದರು. ಗದ್ದೆ, ತೋಟ, ಎರಡು ಮನೆ, ಎಲ್ಲ ಇದ್ದ ಕಾಲದ ಫೋಟೋಗಳು ಇವು.

ನನ್ನ ಪ್ರಶ್ನೆ ಒಂದೇ ಫೋಟೋ ಬಗ್ಗೆ, ದೊಡ್ಡ ಮೂರರಲ್ಲಿ ಒಂದು. ಅದನ್ನು ಇಲ್ಲಿ ಹಾಕಿದ್ದೇನೆ. ಅಮಲ್ದಾರರು ಜರಿ ಪೇಟ ಸುತ್ತಿ, ಕೋಟು ಹಾಕಿ, ಕುರ್ಚಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ನಾಲ್ಕೈದು ವರ್ಷದ ಹುಡುಗ, ಅವನೇ ನನ್ನ ಮುತ್ತಾತ. ಹುಡುಗನ ಹಿಂದೆ ಒಬ್ಬ ಹೆಂಗಸು ನಿಂತಿದ್ದಾರೆ. ಬಿಳಿ ಸೀರೆ, ಹಣೆಯಲ್ಲಿ ಕುಂಕುಮ ಇಲ್ಲ. ಆ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಸೋದರತ್ತೆ ಒಬ್ಬರು ಇದ್ದರಂತೆ, ಇವರೇ ಅವರು ಅಂತ ನಮ್ಮ ದೊಡ್ಡಪ್ಪ ಹೇಳುತ್ತಾರೆ. ಅಮಲ್ದಾರರ ಹೆಂಡತಿಯ ಫೋಟೋ ಬೇರೆ ಇದೆ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿರುವುದು, ಅವರ ಮುಖ ನಮಗೆಲ್ಲ ಗೊತ್ತು.

ಇದು ಯಾವ ಇಸವಿಯದು ಅಂತ ಹೇಳಬಹುದಾ? ರಟ್ಟಿನ ಹಿಂದೆ ಅರ್ಧ ಹರಿದ ಮುದ್ರೆ ಇದೆ. "...ಟನ್ ಸನ್ ಅಂಡ್ ಕಂ, ಬೆಂಗಳೂರು" ಅಂತ ಇಂಗ್ಲಿಷಿನಲ್ಲಿ ಓದಲು ಬರುತ್ತದೆ. ಕೆಳಗೆ ಶಾಯಿಯಲ್ಲಿ ಒಂದು ನಂಬರು.

ಬೆಳ್ಳಿಉಪ್ಪು
ಮೇಡಂ, ಅದು ಬಾರ್ಟನ್ ಸನ್ ಅಂಡ್ ಕಂಪನಿ. ಆ ಕಾಲದ ಬೆಂಗಳೂರಿನ ದೊಡ್ಡ ಹೆಸರು. ಮೈಸೂರು ರಾಜಮನೆತನದವರ ಫೋಟೋಗಳ ಮೇಲೂ ಈ ಹೆಸರು ಸಿಗುತ್ತದೆ. ಶಾಯಿಯ ನಂಬರು ಗಾಜಿನ ನೆಗೆಟಿವಿನದು ಇರಬೇಕು. ಇನ್ನೊಂದು ಪ್ರತಿ ಬೇಕಾದರೆ ಆ ನಂಬರು ಹೇಳಿದರೆ ಸಾಕಾಗುತ್ತಿತ್ತು.

ಅಳತೆಯೇ ಅರ್ಧ ಕಥೆ ಹೇಳುತ್ತದೆ. ಚಿಕ್ಕ ನಾಲ್ಕು 'ಕಾರ್ಟ್ ಡಿ ವಿಸಿತ್'. ಪ್ಯಾರಿಸ್ಸಿನ ಡಿಸ್ದೇರಿ 1854ರಲ್ಲಿ ಪೇಟೆಂಟ್ ತೆಗೆದುಕೊಂಡ ವಿಧಾನ. ಒಂದೇ ಗಾಜಿನ ಮೇಲೆ ಹಲವು ಚಿತ್ರ ತೆಗೆದು, ಕತ್ತರಿಸಿ, ಸುಮಾರು 64 ಮಿಲಿಮೀಟರ್ ಅಗಲ 100 ಮಿಲಿಮೀಟರ್ ಉದ್ದದ ರಟ್ಟಿಗೆ ಅಂಟಿಸುವುದು. ಒಂದು ಪ್ರತಿಗೆ ಬೀಳುವ ಖರ್ಚು ಇಳಿಯಿತು, ನೆಂಟರಿಗೆಲ್ಲ ಹಂಚುವ ರೂಢಿ ಶುರುವಾಯಿತು. ದೊಡ್ಡವು 'ಕ್ಯಾಬಿನೆಟ್ ಕಾರ್ಡ್', ಸುಮಾರು 108 ಮಿಲಿಮೀಟರ್ ಅಗಲ, 165 ಉದ್ದ. ಅವು ರೂಢಿಗೆ ಬಂದದ್ದು 1866ರ ಹೊತ್ತಿಗೆ. ಹಾಗಾಗಿ ನಿಮ್ಮ ಗುಂಪು ಫೋಟೋ ಅದಕ್ಕಿಂತ ಹಿಂದಿನದಂತೂ ಅಲ್ಲ.

ಇನ್ನು ಮೂರು ಸಂಗತಿ ನೋಡಿ ಹೇಳಿ. ರಟ್ಟಿನ ಮೂಲೆ ಚೂಪೋ ಗುಂಡೋ? ಅಂಚಿಗೆ ಚಿನ್ನದ ಬಣ್ಣ ಇದೆಯಾ? ಚಿತ್ರದ ಬಣ್ಣ ಕಾಫಿ ಡಿಕಾಕ್ಷನ್ ತರಹವೋ, ಬೂದಿ ಬಣ್ಣವೋ?

ಟ್ರಂಕುಪೆಟ್ಟಿಗೆ
ಗುಂಪು ಫೋಟೋ: ಮೂಲೆ ಗುಂಡು, ಅಂಚನ್ನು ಓರೆಯಾಗಿ ಕತ್ತರಿಸಿ ಚಿನ್ನದ ಬಣ್ಣ ಹಚ್ಚಿದ್ದಾರೆ. ರಟ್ಟು ಕೆನೆ ಬಣ್ಣ. ಚಿತ್ರ ಡಿಕಾಕ್ಷನ್ ಬಣ್ಣವೇ, ನೆರಳಿನ ಕಡೆ ಸ್ವಲ್ಪ ನೇರಳೆ. ಭೂತಗನ್ನಡಿಯಲ್ಲಿ ನೋಡಿದರೆ ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಸಣ್ಣ ಬಿರುಕು.

ಗೋಡೆಯ ಅಜ್ಜಿಯ ಫೋಟೋ: ರಟ್ಟು ಕಡು ಹಸಿರು, ಚಿತ್ರ ಹೆಚ್ಚು ಕಪ್ಪು, ಬಿರುಕಿಲ್ಲ. ಅದರಲ್ಲೂ ಮುತ್ತಾತ ಇದ್ದಾರೆ, ಹತ್ತು ವರ್ಷದವರ ಹಾಗೆ ಕಾಣುತ್ತಾರೆ.

ಬೆಳ್ಳಿಉಪ್ಪು
ಒಳ್ಳೆಯ ಕಣ್ಣು ನಿಮ್ಮದು. ಡಿಕಾಕ್ಷನ್ ಬಣ್ಣ ಮತ್ತು ಬಿರುಕು ಎರಡೂ ಆಲ್ಬುಮೆನ್ ಕಾಗದದ ಗುರುತು. ಗುಂಡು ಮೂಲೆ 1870ರ ನಂತರ ಜಾಸ್ತಿ. ಓರೆ ಅಂಚು, ಚಿನ್ನದ ಬಣ್ಣ ಬಂದರೆ ಸಾಮಾನ್ಯವಾಗಿ 1880ರ ದಶಕದ ಕಡೆ ಕೈ ತೋರಿಸುತ್ತೇವೆ. ಬಿರುಕಿಲ್ಲದ ಕಪ್ಪು ಚಿತ್ರ ಜೆಲಟಿನ್ ಕಾಗದ ಇರಬೇಕು, 1890ರ ದಶಕ. ಎರಡಕ್ಕೂ ನಡುವೆ ಐದಾರು ವರ್ಷ ಅಂದರೆ ಹುಡುಗನ ವಯಸ್ಸಿಗೂ ಸರಿ ಹೊಂದುತ್ತದೆ ಅಲ್ವಾ.

ಮೈಸೂರಿನವರು ಬೆಂಗಳೂರಿಗೆ ಹೋಗಿ ತೆಗೆಸಿದ್ದಕ್ಕೂ ಕಾರಣ ಇರಬಹುದು. ಬೆಂಗಳೂರು–ಮೈಸೂರು ರೈಲು 1882ರ ಹೊತ್ತಿಗೆ ಓಡಲು ಶುರುವಾಗಿತ್ತು. ಅದಕ್ಕೆ ಮೊದಲು ಹೆಂಗಸು, ಮಗು ಕರೆದುಕೊಂಡು ಗಾಡಿಯಲ್ಲಿ ಅಷ್ಟು ದೂರ ಹೋಗುವುದು ಸುಲಭ ಇರಲಿಲ್ಲ.

ಕೆರೆಏರಿ
ಆಲ್ಬುಮೆನ್ ಅಂದರೆ ಮೊಟ್ಟೆಯ ಬಿಳಿ ತಾನೆ? ನಿಜವಾಗಲೂ ಮೊಟ್ಟೆನಾ?

ಬೆಳ್ಳಿಉಪ್ಪು
ಹೌದು, ಕೋಳಿಮೊಟ್ಟೆಯೇ. ಬಿಳಿಯನ್ನು ಉಪ್ಪು ಹಾಕಿ ಚೆನ್ನಾಗಿ ಕಡೆದು, ತಿಳಿಯಾದ ಮೇಲೆ ಕಾಗದವನ್ನು ಅದರ ಮೇಲೆ ತೇಲಿಸಿ ಒಣಗಿಸುತ್ತಿದ್ದರು. ಆಮೇಲೆ ಬೆಳ್ಳಿಯ ದ್ರಾವಣ. ಕಾಗದವನ್ನು ಗಾಜಿನ ನೆಗೆಟಿವಿನ ಕೆಳಗೆ ಇಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ತಾನಾಗಿ ಮೂಡುತ್ತಿತ್ತು. ಚಿನ್ನದ ಲವಣದಲ್ಲಿ ಅದ್ದಿದರೆ ಆ ನೇರಳೆ ಛಾಯೆ. ಜರ್ಮನಿಯ ಡ್ರೆಸ್ಡನ್ ಊರು ಈ ಕಾಗದಕ್ಕೆ ಹೆಸರುವಾಸಿ. ಅಲ್ಲಿಯ ಒಂದು ಕಾರ್ಖಾನೆಯಲ್ಲೇ ದಿನಕ್ಕೆ 60,000 ಮೊಟ್ಟೆ ಒಡೆಯುತ್ತಿದ್ದರು. ಉಳಿದ ಹಳದಿ ಭಾಗ ಚರ್ಮ ಹದ ಮಾಡುವವರಿಗೆ ಹೋಗುತ್ತಿತ್ತು.

ಮೊಟ್ಟೆ ಮುಟ್ಟದ ಎಷ್ಟೋ ಮನೆಗಳ ಹಿರಿಯರ ಮುಖ ಇವತ್ತಿಗೂ ನಮಗೆ ಕಾಣುತ್ತಿರುವುದು ಆ ತೆಳು ಪದರದಿಂದಲೇ. ನನಗೆ ಇದು ಯಾವಾಗ ನೆನೆದರೂ ಮನಸ್ಸಿಗೆ ತಟ್ಟುತ್ತದೆ.

ರಾತ್ರಿಪಾಳಿ
ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಹೆಂಗಸಿನ ಕಾಲ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಪಾದ ಕಾಣಿಸುತ್ತಿದೆ. ಅಂಥ ಸ್ಟ್ಯಾಂಡ್ ಇದ್ದರೆ ಸತ್ತವರನ್ನು ನಿಲ್ಲಿಸಿ ತೆಗೆದ ಫೋಟೋ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಹೇಳಲೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಬೆಳ್ಳಿಉಪ್ಪು
ಕೇಳಿದ್ದು ಒಳ್ಳೆಯದಾಯಿತು, ಈ ತಪ್ಪು ಮಾತು ಎಲ್ಲ ಕಡೆ ಹಬ್ಬಿದೆ. ಆ ಸ್ಟ್ಯಾಂಡ್ ಬದುಕಿರುವವರಿಗಾಗಿಯೇ ಇದ್ದದ್ದು. ಕೆಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಲ್ಲ, ಅದಕ್ಕೆ ತಲೆಯ ಹಿಂದೆ ಒಂದು ಆನಿಕೆ. ಹೆಣದ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಸತ್ತವರ ಫೋಟೋ ತೆಗೆಸುತ್ತಿದ್ದದ್ದು ನಿಜ, ಆದರೆ ಮಲಗಿಸಿ ಅಥವಾ ಕುರ್ಚಿಗೆ ಒರಗಿಸಿ. ಸ್ಟ್ಯಾಂಡಿನ ಪಾದ ಕಂಡರೆ ಆ ಮನುಷ್ಯ ಉಸಿರಾಡುತ್ತಿದ್ದ ಅಂತಲೇ ಅರ್ಥ.

ಇನ್ನೂ ಒಂದು ಇದೆ. ಹುಡುಗನ ಎಡಗೈ ನೋಡಿ. ಬೆರಳುಗಳು ಮಂಜಾಗಿವೆ. ಅವನು ಕೈ ಆಡಿಸಿದ್ದಾನೆ. ಆ ಹೆಂಗಸು ಎರಡೇ ಬೆರಳಲ್ಲಿ ಅವನ ಮಣಿಕಟ್ಟು ಹಿಡಿದಿದ್ದಾರೆ. ಮಣಿಕಟ್ಟು ಸ್ಪಷ್ಟವಾಗಿದೆ, ಬೆರಳು ಮಾತ್ರ ಅಲುಗಿದೆ.

ಟ್ರಂಕುಪೆಟ್ಟಿಗೆ
ಇದನ್ನು ನಾನು ನೂರು ಸಲ ನೋಡಿದ್ದೆ, ಆ ಎರಡು ಬೆರಳು ಕಂಡಿರಲಿಲ್ಲ.

ಸೆರಗಂಚು
ನನಗೆ ಆ ಸೀರೆಯದೇ ಅನುಮಾನ. ನನ್ನ ಕೆಲಸ ಹಳೆ ಸೀರೆಗಳದು, ಹಾಗಾಗಿ ಹೇಳುತ್ತಿದ್ದೇನೆ. ನಮ್ಮ ಕಡೆ ಆ ಕಾಲದಲ್ಲಿ ತಲೆ ತೆಗೆಸಿದ ಮಡಿ ಹೆಂಗಸರು ಹೆಚ್ಚಾಗಿ ಉಡುತ್ತಿದ್ದದ್ದು ಕೆಂಪು ಸೀರೆ. ಬಿಳಿ ಉಡುವ ಮನೆಗಳೂ ಇದ್ದವು, ಆದರೆ ಬಿಳಿ ಕಂಡ ಕೂಡಲೇ ಹಾಗೆ ಅಂದುಕೊಳ್ಳುವುದು ಸಿನಿಮಾ ನೋಡಿ ಬಂದ ರೂಢಿ. ಅಲ್ಲದೆ ಈ ಸೀರೆಗೆ ಅಗಲವಾದ ಅಂಚಿದೆ, ಅಂಚಿನಲ್ಲಿ ಕಪ್ಪಗೆ ಹೊಳೆಯುವ ಪಟ್ಟಿ ಇದೆ. ಅದು ಜರಿ ಇರಬೇಕು ಅನಿಸುತ್ತದೆ. ತಲೆಯ ಮೇಲೆ ಸೆರಗು ಇಲ್ಲ, ಕೂದಲು ಬಾಚಿ ಕಟ್ಟಿದ್ದಾರೆ.

ಜರಿ ಯಾಕೆ ಕಪ್ಪು ಅಂತ ಬೆಳ್ಳಿಉಪ್ಪು ಅವರೇ ಹೇಳಲಿ.

ಬೆಳ್ಳಿಉಪ್ಪು
ನಾನೇ ಮೊದಲು ಹೇಳಬೇಕಿತ್ತು. ಆ ಕಾಲದ ಗಾಜಿನ ಪ್ಲೇಟಿಗೆ ನಮ್ಮ ಕಣ್ಣಿನ ಹಾಗೆ ಬಣ್ಣ ಕಾಣುತ್ತಿರಲಿಲ್ಲ. ನೀಲಿ, ನೇರಳೆ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಕೆಂಪು, ಹಳದಿ ಹೆಚ್ಚುಕಡಿಮೆ ತಾಗುತ್ತಲೇ ಇರಲಿಲ್ಲ. ಹಾಗಾಗಿ ಕುಂಕುಮ ಕಪ್ಪು. ಅರಿಶಿನ ಹಚ್ಚಿದ ಕೆನ್ನೆ ಕಂದು. ಚಿನ್ನದ ಒಡವೆ ಕಪ್ಪು. ಆಕಾಶ ನೀಲಿ ಮಾತ್ರ ಹೆಚ್ಚುಕಡಿಮೆ ಬಿಳಿ! 1873ರಲ್ಲಿ ಜರ್ಮನಿಯ ಫೋಗಲ್ ಎಂಬ ವಿಜ್ಞಾನಿ ಬಣ್ಣದ ಪುಡಿ ಬೆರೆಸಿದರೆ ಪ್ಲೇಟಿಗೆ ಹಸಿರು, ಹಳದಿಯನ್ನೂ ಕಾಣಿಸಬಹುದು ಅಂತ ಕಂಡುಹಿಡಿದ. ಆದರೆ ಮಾಮೂಲಿ ಪ್ಲೇಟುಗಳೇ ಆಮೇಲೂ ಬಹಳ ಕಾಲ ನಡೆದವು. ಕೆಂಪನ್ನೂ ಸರಿಯಾಗಿ ಹಿಡಿಯುವ ಪ್ಲೇಟು ಅಂಗಡಿಗೆ ಬಂದದ್ದು 20ನೇ ಶತಮಾನದಲ್ಲಿ.

ಕೆಂಪು ಸೀರೆಯಾಗಿದ್ದರೆ ಈ ಫೋಟೋದಲ್ಲಿ ಅದು ಕಪ್ಪಗೆ ಕಾಣಬೇಕಿತ್ತು.

ಮೇಡಂ, ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಬೀರುವಿನಿಂದ ನಾಲ್ಕು ಬಣ್ಣದ ಸೀರೆ ತೆಗೆದು, ಪಕ್ಕದಲ್ಲಿ ಕುಂಕುಮ, ಅರಿಶಿನ ಇಟ್ಟು ಫೋನಿನಲ್ಲಿ ಫೋಟೋ ತೆಗೆಯಿರಿ. ಕಂಪ್ಯೂಟರಿನಲ್ಲಿ ನೀಲಿ ಚಾನೆಲ್ ಮಾತ್ರ ಉಳಿಸಿ ಕಪ್ಪು ಬಿಳುಪು ಮಾಡಿ. ಹಳೆ ಪ್ಲೇಟ್ ನೋಡಿದ್ದು ಹೆಚ್ಚುಕಡಿಮೆ ಹಾಗೆ.

ಕೆರೆಏರಿ
ಬಣ್ಣ ತುಂಬುವ ಆ್ಯಪಿಗೆ ಹಾಕಿದ್ದೆ. ಸೀರೆ ಬಿಳಿ, ರವಿಕೆ ಕಂದು ಅಂತ ಬಂತು.

ಬೆಳ್ಳಿಉಪ್ಪು
ಆ್ಯಪಿಗೆ ಸಿಗುವುದು ಬೂದಿ ಬಣ್ಣ ಒಂದೇ. ಅದು ಊಹೆ ಮಾಡುತ್ತದೆ. ಈ ಕಾಲದ ಫೋಟೋಗೆ ಅದನ್ನು ನಂಬಬೇಡಿ. ನಿಮ್ಮ ಅಜ್ಜಿಯ ಹಸಿರು ಸೀರೆಯನ್ನು ಕಂದು ಅಂತ ಬರೆದಿಟ್ಟರೆ ಮುಂದಿನವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಟ್ರಂಕುಪೆಟ್ಟಿಗೆ
ನಿನ್ನೆ ರಾತ್ರಿ ಮಾಡಿ ನೋಡಿದೆ. ನನ್ನ ಕೆಂಪು ರೇಷ್ಮೆ ಸೀರೆ ಇದ್ದಿಲಿನಷ್ಟು ಕಪ್ಪು. ಅರಿಶಿನದ ಬಟ್ಟಲು ಮಸಿಯ ಬಟ್ಟಲಿನ ಹಾಗಾಯಿತು. ಅಮ್ಮನ ತಿಳಿ ನೀಲಿ ಸೀರೆ ಮಾತ್ರ ಒಗೆದ ಪಂಚೆಯಷ್ಟು ಬಿಳಿ. ನೋಡುತ್ತಾ ಕೂತುಬಿಟ್ಟೆ.

ಹಾಗಾದರೆ ಕುಂಕುಮ ಇದ್ದಿದ್ದರೆ ಕಪ್ಪು ಚುಕ್ಕೆ ಕಾಣಬೇಕಲ್ಲ? ಗೋಡೆಯ ಅಜ್ಜಿಯ ಹಣೆಯಲ್ಲಿ ಕಾಣುತ್ತದೆ. ಇವರ ಹಣೆಯಲ್ಲಿ ಇಲ್ಲವೇ ಇಲ್ಲ.

ಸೆರಗಂಚು
ಸ್ಕ್ಯಾನ್ ಮಾಡಿಸಿ, ಅಕ್ಕ. 1200 ಡಿಪಿಐ ಇಟ್ಟರೆ ಒಡವೆ ಗುರುತಿಸಬಹುದು. ಕತ್ತು, ಕೈ, ಹಣೆ ಮೂರನ್ನೂ ಹಾಕಿ.

ಟ್ರಂಕುಪೆಟ್ಟಿಗೆ
ಮೂರು ತುಣುಕು ಹಾಕಿದ್ದೇನೆ. ಕೈಯಲ್ಲಿ ಬಳೆಗಳಿವೆ, ಸೆರಗಿನ ನೆರಳಲ್ಲಿ ಮುಚ್ಚಿಹೋಗಿದ್ದವು. ಕತ್ತಿನಲ್ಲಿ ಸಣ್ಣ ಮಣಿಗಳ ಎರಡು ಎಳೆ. ಕೆಳಗೆ ಎರಡು ಗುಂಡಗಿನ ವಸ್ತು.

ಹಣೆ ನೋಡಿ ನನಗೆ ಗಾಬರಿಯಾಯಿತು. ಹುಬ್ಬುಗಳ ನಡುವೆ ಚಿತ್ರವೇ ಇಲ್ಲ. ಸಾಸಿವೆಗಿಂತ ದೊಡ್ಡದಾದ ಒಂದು ಗುಂಡು ಜಾಗದಲ್ಲಿ ಕಾಗದದ ನಾರು ಎದ್ದಿದೆ. ಹುಳ ತಿಂದದ್ದಾ?

ಸೆರಗಂಚು
ಕರಿಮಣಿ. ಎರಡು ತಾಳಿ ಬಟ್ಟಲು. ಇವರು ಮುತ್ತೈದೆ, ಅಕ್ಕ. ಸೋದರತ್ತೆ ಅಲ್ಲ.

ಬೆಳ್ಳಿಉಪ್ಪು
ಹುಳ ತಿಂದರೆ ಅಂಚು ವಕ್ರವಾಗಿರುತ್ತದೆ, ಒಂದೇ ಕಡೆ ನಿಲ್ಲುವುದಿಲ್ಲ. ಇದು ಗುಂಡಗೆ, ಸರಿಯಾಗಿ ಹಣೆಯ ಮಧ್ಯೆ. ಒದ್ದೆ ಬಟ್ಟೆಯಲ್ಲಿ ಮತ್ತೆ ಮತ್ತೆ ಒರೆಸಿದಾಗ ಮೊಟ್ಟೆಯ ಪದರ ಎದ್ದು ಹೀಗಾಗುತ್ತದೆ. ಭೂತಗನ್ನಡಿ ಹಿಡಿದು ಹಗಲು ಬೆಳಕಿನಲ್ಲಿ ನಾರುಗಳ ನಡುವೆ ನೋಡಿ. ಮುಟ್ಟಬೇಡಿ, ಊದಬೇಡಿ. ಏನಾದರೂ ಬಣ್ಣ ಇದೆಯಾ?

ಟ್ರಂಕುಪೆಟ್ಟಿಗೆ
ಕೆಂಪು ಇದೆ. ತುಂಬಾ ಮಸುಕು, ಆದರೆ ಕೆಂಪೇ.

ಹಳೇಪೇಟೆ
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇದು ಫೋಟೋಗೆ ಕುಂಕುಮ ಇಟ್ಟು ಒರೆಸಿದ ಗುರುತು. ನಮ್ಮ ಮನೆಯಲ್ಲೂ ಒಂದು ಪಟ ಹೀಗೇ ಆಗಿದೆ. ವರ್ಷಕ್ಕೊಮ್ಮೆ ಇಟ್ಟು, ಮುಂದಿನ ವರ್ಷ ಹಳೆಯದನ್ನು ಒರೆಸಿ ಹೊಸದು ಇಡುತ್ತಿದ್ದರು. ನಿಮ್ಮ ಮನೆಯ ಹಿರಿಯರಲ್ಲಿ ಈಗ ಯಾರಿದ್ದಾರೆ? ಬೇಗ ಕೇಳಿ, ಮೇಡಂ.

ಟ್ರಂಕುಪೆಟ್ಟಿಗೆ
ನನ್ನ ಅಜ್ಜಿ ಇದ್ದಾರೆ, ಅಪ್ಪನ ಅಮ್ಮ. 91 ವರ್ಷ. ಫೋಟೋದ ಹುಡುಗನ ಸೊಸೆ ಅವರು. ಕಣ್ಣು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಫೋಟೋ ತೋರಿಸಿ ಕೇಳುವ ಯೋಚನೆಯೇ ಬಂದಿರಲಿಲ್ಲ. ಭಾನುವಾರ ಹೋಗುತ್ತೇನೆ.

ಕೆರೆಏರಿ
ಅಲ್ಲಿಯವರೆಗೆ ಒಂದು ಪ್ರಶ್ನೆ. ಹೆಂಗಸರು ಆಗ ಸ್ಟುಡಿಯೋಗೆ ಹೋಗುತ್ತಿದ್ದರಾ? ಪರ ಗಂಡಸಿನ ಮುಂದೆ ನಿಲ್ಲುವುದು ಅಂದರೆ?

ಬೆಳ್ಳಿಉಪ್ಪು
ಮನೆಯಿಂದ ಮನೆಗೆ ಬೇರೆ. ಗೋಷಾ, ಅಂದರೆ ಪರದೆ ಪದ್ಧತಿ ಇದ್ದ ಕಡೆ ಕಷ್ಟವಿತ್ತು. ಹೈದರಾಬಾದಿನ ನಿಜಾಮರ ಫೋಟೋಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗಾಗಿಯೇ ಒಂದು ಸ್ಟುಡಿಯೋ ತೆರೆದರು. ಎತ್ತರದ ಗೋಡೆ ಕಟ್ಟಿಸಿ, ಒಳಗೆ ಫೋಟೋ ತೆಗೆಯಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ಇಟ್ಟಿದ್ದರು. ಇಲ್ಲಿ ಅಮಲ್ದಾರರು ಮನೆಯ ಹೆಂಗಸನ್ನು ದಂಡಿನ (ಕಂಟೋನ್ಮೆಂಟಿನ) ಸ್ಟುಡಿಯೋಗೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ನಿಲ್ಲಿಸಿ ತೆಗೆಸಿದ್ದಾರೆ ಅಂದರೆ ಅವರಿಗೆ ಅದು ಬೇಕಿತ್ತು ಅಂತಲೇ ಅರ್ಥ.

ಹಳೇಪೇಟೆ
ಈ ನಡುವೆ ಫೋಟೋ ಜೋಪಾನ, ಮೇಡಂ. ನಮ್ಮ ಮನೆಯ ಎರಡು ಹಳೆ ಫೋಟೋ ಒಬ್ಬರು ಲ್ಯಾಮಿನೇಷನ್ ಮಾಡಿಕೊಟ್ಟರು. ಬಿಸಿಗೆ ಪದರ ಉಬ್ಬಿ, ಮುಖ ಹೋಯಿತು. ಈಗ ಬಿಚ್ಚಲೂ ಆಗುವುದಿಲ್ಲ. ಅದನ್ನು ನೋಡಿದಾಗಲೆಲ್ಲ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೆಳ್ಳಿಉಪ್ಪು
ಇದು ಎಲ್ಲರೂ ನೆನಪಿಡಬೇಕಾದ ಮಾತು. ಲ್ಯಾಮಿನೇಷನ್ ಬೇಡ, ಸೆಲ್ಲೋ ಟೇಪ್ ಬೇಡ, ಒದ್ದೆ ಬಟ್ಟೆ ಬೇಡ. ಹಳೆ ಆಲ್ಬಮ್ಮಿನ ಅಂಟು ಪುಟವೂ ಬೇಡ. ಆಮ್ಲ ಇಲ್ಲದ ಕಾಗದದ ಲಕೋಟೆ ಸಿಗುತ್ತದೆ, ಒಂದಕ್ಕೆ ಒಂದೇ ಫೋಟೋ ಹಾಕಿ. ಅಟ್ಟದಲ್ಲಿ ಇಡಬೇಡಿ, ಬೇಸಿಗೆಯಲ್ಲಿ ಕಾದು ಮಳೆಗಾಲದಲ್ಲಿ ತೇವವಾಗುತ್ತದೆ. ಬೀರುವಿನ ನಡುವಿನ ಖಾನೆ ಒಳ್ಳೆಯದು. ಗೋಡೆಗೆ ಹಾಕುವ ಆಸೆ ಇದ್ದರೆ ಸ್ಕ್ಯಾನ್ ಮಾಡಿದ ಪ್ರತಿ ಹಾಕಿ, ಮೂಲಕ್ಕೆ ಬಿಸಿಲು ಬೀಳಬಾರದು. ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ. ಪೆನ್ನು ಯಾವತ್ತೂ ಬೇಡ.

ಟ್ರಂಕುಪೆಟ್ಟಿಗೆ
ಅಜ್ಜಿಯ ಹತ್ತಿರ ಹೋಗಿ ಬಂದೆ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು ಏನೂ ಕೇಳಲಿಲ್ಲ. ಹಳೆ ಫೋಟೋ ಸಿಕ್ಕಿತು ಅಂದೆ. ಮಾತಿಗೆ ಮಾತು ಬಂದು ಮೊಟ್ಟೆಯ ವಿಷಯ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಯ್ಯೋ, ಅದನ್ನ ಮಣೆ ಮೇಲೆ ಇಟ್ಟು ಕುಂಕುಮ ಹಚ್ತಿದ್ರಲ್ಲೇ ಮಾವನೋರು" ಅಂದರು.

ಯಾವುದನ್ನ ಅಂತ ಕೇಳಿದೆ. "ಅವರಮ್ಮಂದು. ನವಮಿ ದಿನ."

ಪಿತೃಪಕ್ಷದ ಅವಿಧವಾ ನವಮಿ. ಗಂಡ ಇರುವಾಗಲೇ ಮುತ್ತೈದೆಯಾಗಿ ತೀರಿಕೊಂಡವರಿಗೆ ಮಾಡುವ ದಿನ. ಅಜ್ಜಿ ಸೊಸೆಯಾಗಿ ಬಂದ ಹೊಸದರಲ್ಲಿ ಆ ದಿನ ಒಬ್ಬ ಮುತ್ತೈದೆಯನ್ನು ಕರೆದು ಊಟಕ್ಕೆ ಹಾಕಿ, ಸೀರೆ, ಬಳೆ ಕೊಡುತ್ತಿದ್ದರಂತೆ. ಮುತ್ತಾತನಿಗೆ ಆಗಲೇ ಎಪ್ಪತ್ತರ ಹತ್ತಿರ. ಅವರೇ ಕೈಯಾರೆ ಹಳೆ ಕುಂಕುಮ ಒರೆಸಿ ಹೊಸದು ಇಡುತ್ತಿದ್ದರಂತೆ. ಗೋಡೆಯ ಅಜ್ಜಿ ಎರಡನೆಯವರು. ಅವರೇ ಮುತ್ತಾತನನ್ನು ಸಾಕಿದ್ದು, ಚೆನ್ನಾಗಿಯೇ ನೋಡಿಕೊಂಡರಂತೆ. ಮುತ್ತಾತ ಹೋದ ಮೇಲೆ ನವಮಿ ನಿಂತಿತು, ಫೋಟೋ ಟ್ರಂಕಿಗೆ ಹೋಯಿತು. ಹಣೆಯ ಕುಂಕುಮ ಅಳಿಸಿಹೋಗಿದ್ದರಿಂದ ನೋಡಿದವರು ಸೋದರತ್ತೆ ಅಂದುಕೊಂಡರು.

ಹೆಸರು ಕೇಳಿದೆ. ಅಜ್ಜಿಗೆ ಗೊತ್ತಿಲ್ಲ. "ಅವರು ಹೆಸರು ಹೇಳ್ತಿರಲಿಲ್ಲ ಕಣೆ. ನಮ್ಮಮ್ಮ ಅಂತಿದ್ರು ಅಷ್ಟೆ."

ಸೆರಗಂಚು
ಅಕ್ಕ, ಓದಿ ಕಣ್ಣಲ್ಲಿ ನೀರು ಬಂತು. ಆ ಎರಡು ಬೆರಳು.

ಹಳೇಪೇಟೆ
ಸಾಮಾನ್ಯವಾಗಿ ತಂದೆ ಇರುವವರೆಗೆ ಮಾತ್ರ ಅವಿಧವಾ ನವಮಿ ಮಾಡುತ್ತಾರೆ. ಅಪ್ಪ ಹೋದ ಮೇಲೂ ನಿಮ್ಮ ಮುತ್ತಾತ ಬಿಟ್ಟಿಲ್ಲ.

ಹೆಸರು ಸಿಗುತ್ತದೆ, ಮೇಡಂ. ತರ್ಪಣ ಬಿಡುವಾಗ ತಾಯಿ, ತಂದೆಯ ತಾಯಿ, ಅಜ್ಜನ ತಾಯಿ, ಹೀಗೆ ಮೂರು ತಲೆಯ ಹೆಸರು ಹೇಳಲೇಬೇಕು. ನಿಮ್ಮ ತಾತ ಮಹಾಲಯಕ್ಕೆ ಹೆಸರು ಬರೆದಿಟ್ಟುಕೊಂಡ ಚೀಟಿಯೋ, ನೋಟ್‌ಬುಕ್ಕೋ ಇರುತ್ತದೆ. ಅವರ ಪಟ್ಟಿಯಲ್ಲಿ ಪಿತಾಮಹಿ, ಅಂದರೆ ತಂದೆಯ ತಾಯಿ ಅಂತ ಇರುವವರೇ ಇವರು. ದೊಡ್ಡಪ್ಪನವರನ್ನು ಕೇಳಿ. ಅವರಲ್ಲಿ ಇಲ್ಲದಿದ್ದರೆ ನಿಮ್ಮ ಪುರೋಹಿತರ ಮನೆಯಲ್ಲಿ ವಿಚಾರಿಸಿ.

ಟ್ರಂಕುಪೆಟ್ಟಿಗೆ
ದೊಡ್ಡಪ್ಪನ ಪಂಚಾಂಗಗಳ ಕಟ್ಟಿನಲ್ಲಿ ತಾತನ ನೋಟ್‌ಬುಕ್ ಸಿಕ್ಕಿತು. ನೀಲಿ ರಟ್ಟು, ಒಳಗೆ ತಾತನ ದುಂಡು ಅಕ್ಷರ. ಪಿತಾಮಹಿ ಅಂತ ಬರೆದ ಕಡೆ ಗೋಡೆಯ ಅಜ್ಜಿಯ ಹೆಸರಿಲ್ಲ. ಅವರ ಹೆಸರು ಕೆಳಗೆ ಬೇರೆ ಸಾಲಿನಲ್ಲಿದೆ. ಇಲ್ಲಿರುವುದು ನಾನು ಯಾವತ್ತೂ ಕೇಳದ ಹೆಸರು.

ಅದನ್ನು ಇಲ್ಲಿ ಹಾಕುವುದಿಲ್ಲ, ಮನ್ನಿಸಿ. ಮೊದಲು ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. ಆಮೇಲೆ ರಟ್ಟಿನ ಹಿಂದೆ, ಆ ನಂಬರಿನ ಕೆಳಗೆ, ಮೆತ್ತನೆಯ ಪೆನ್ಸಿಲಿನಲ್ಲಿ ಬರೆದೆ.